ಮಕ್ಕಳ ಜೊತೆ ಬೆಟ್ಟ ಹತ್ತೋಣ: ಕಂಕುಳ ಕೂಸಿನಿಂದ ಹೈಸ್ಕೂಲ್ ಹುಡುಗರವರೆಗೆ

ಮಗುವನ್ನು ಎತ್ತಿಕೊಂಡು ಬೆಟ್ಟ ಹತ್ತುವುದು ನಮಗೇನೂ ಹೊಸದಲ್ಲ. ಜವಳ ತೆಗೆಸೋಕೆ, ಹರಕೆ ತೀರಿಸೋಕೆ ಅಂತ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೋ ಮೇಲುಕೋಟೆಗೋ ಹೋಗಿಬಂದ ಮನೆಗಳು ಎಷ್ಟಿಲ್ಲ! ಆದರೆ ಆಗ ಜೊತೆಗೆ ಅಜ್ಜಿ, ಸೋದರಮಾವ, ಚಿಕ್ಕಮ್ಮ ಎಲ್ಲ ಇರುತ್ತಿದ್ದರು. ಕೂಸು ಕೈಯಿಂದ ಕೈಗೆ ದಾಟಿಕೊಂಡು ಮೇಲೆ ಹೋಗುತ್ತಿತ್ತು. ಈಗ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಂದು ಕಾರು. ಹಾಗಾಗಿ ಸ್ವಲ್ಪ ಲೆಕ್ಕ ಹಾಕಿಯೇ ಹೊರಡಬೇಕು.

ಇಲ್ಲಿ ಹೇಳುತ್ತಿರುವುದೆಲ್ಲ ಕರ್ನಾಟಕದ ಬೆಟ್ಟಗಳ ವಿಷಯ. ನಮಗೆ ಒಂದು ಅನುಕೂಲ ಇದೆ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಇರುವುದು ಸುಮಾರು 1,930 ಮೀಟರ್. ಎತ್ತರಕ್ಕೆ ಹೋದಾಗ ಬರುವ ತಲೆಸುತ್ತು, ವಾಂತಿಯ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್ ದಾಟಿದ ಮೇಲೆ. ಹಿಮಾಲಯಕ್ಕೆ ಹೊರಟವರ ಆ ಚಿಂತೆ ನಮಗಿಲ್ಲ. ನಮ್ಮ ತಾಪತ್ರಯಗಳೇ ಬೇರೆ: ಬಿಸಿಲು, ಜಾರುವ ಬಂಡೆ, ಕೋತಿ, ಹೆಜ್ಜೇನು, ಇಂಬಳ (ಕಾಡಿನ ಜಿಗಣೆ). ಜೊತೆಗೆ ಅರ್ಧ ದಾರಿಯಲ್ಲಿ "ನಂಗಾಗಲ್ಲ, ಎತ್ಕೋ" ಅಂತ ಕೂತೇಬಿಡುವ ಮಗು.

1. ಇಳಿಯುವ ದಾರಿ ನೋಡಿ ಬೆಟ್ಟ ಆರಿಸಿ

ಎಲ್ಲರೂ ಕೇಳುವುದು "ಎಷ್ಟು ಎತ್ತರ, ವ್ಯೂ ಹೇಗಿದೆ?" ಅಂತ. ಮಕ್ಕಳಿದ್ದಾಗ ಕೇಳಬೇಕಾದ್ದು "ಎಲ್ಲೆಲ್ಲಿಂದ ವಾಪಸ್ ಬರಬಹುದು?" ಅಂತ. ಹತ್ತುವಾಗ ಮಕ್ಕಳಿಗೆ ಹುರುಪು ಇರುತ್ತದೆ. ಸುಸ್ತು, ಹಸಿವು, ನಿದ್ದೆ ಮೂರೂ ಒಟ್ಟಿಗೆ ಬರುವುದು ಇಳಿಯುವಾಗ. ಆದ್ದರಿಂದ ಮೇಲೆ ತನಕ ರಸ್ತೆ ಇರುವ ಬೆಟ್ಟಗಳನ್ನು ಕೀಳಾಗಿ ನೋಡಬೇಡಿ. ಟ್ರೆಕ್ಕಿಂಗ್ ಮಾಡುವವರು ಮೂಗು ಮುರಿಯಬಹುದು. ಸಣ್ಣ ಮಕ್ಕಳಿರುವ ಮನೆಗೆ ಅದಕ್ಕಿಂತ ಒಳ್ಳೆಯ ಬೆಟ್ಟ ಇಲ್ಲ.

ಮೈಸೂರಿನ ಚಾಮುಂಡಿ ಬೆಟ್ಟವನ್ನೇ ನೋಡಿ. ಸಾವಿರದಷ್ಟು ಮೆಟ್ಟಿಲು. ಅರ್ಧಕ್ಕಿಂತ ಮೇಲೆ ಹೋದರೆ 17ನೇ ಶತಮಾನದಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡ ನಂದಿ ಸಿಗುತ್ತದೆ. ಅಲ್ಲಿಗೆ ರಸ್ತೆಯೂ ಬರುತ್ತದೆ. ಅಂದರೆ ಅಪ್ಪ ಕಾರು ತಂದು ನಂದಿಯ ಹತ್ತಿರ ಕಾಯಬಹುದು. ಮಗು ಅಲ್ಲಿಗೇ ಸುಸ್ತಾದರೆ ಅಲ್ಲೇ ಹತ್ತಿಸಿಕೊಳ್ಳಿ. ಉತ್ಸಾಹ ಇದ್ದರೆ ಮೇಲೆ ತನಕ ಹೋಗಿ. ಮೇಲಿಂದ ಊರಿಗೆ ಸಿಟಿ ಬಸ್ ಇದೆ. ಹತ್ತುವುದು ಕಾಲಿನಲ್ಲಿ, ಇಳಿಯುವುದು ಬಸ್ಸಿನಲ್ಲಿ. ಮೂರು-ನಾಲ್ಕು ವರ್ಷದವರ ಮೊದಲ ಬೆಟ್ಟಕ್ಕೆ ನಾನು ಕಣ್ಣು ಮುಚ್ಚಿ ಹೇಳುವ ಹೆಸರು ಇದು.

ಬೆಂಗಳೂರಿನವರಿಗೆ ನಂದಿ ಬೆಟ್ಟ ಇದ್ದೇ ಇದೆ. 1,478 ಮೀಟರ್ ಎತ್ತರ, ಮೇಲೆ ತನಕ ರಸ್ತೆ. ವಾರಾಂತ್ಯದ ಸೂರ್ಯೋದಯಕ್ಕೆ ಮಾತ್ರ ಹೋಗಬೇಡಿ. ವಾಹನಗಳ ಸಾಲಿನಲ್ಲೇ ಮಗುವಿನ ಹಾಲು, ತಿಂಡಿ, ನಿದ್ದೆ ಎಲ್ಲ ಮುಗಿದಿರುತ್ತದೆ. ವಾರದ ದಿನ ಬೆಳಗ್ಗೆ ಎಂಟರ ಹೊತ್ತಿಗೆ ಹೋಗಿ, ಮೇಲಿನ ತೋಟ, ಕಲ್ಯಾಣಿ ಸುತ್ತ ನಡೆದಾಡಿ. ತಿಂಗಳ ಕೂಸಿಗೆ ಇಷ್ಟು ಬೆಟ್ಟ ಸಾಕು. ಸುಲ್ತಾನಪೇಟೆ ಕಡೆಯಿಂದ ಮೆಟ್ಟಿಲ ದಾರಿಯೂ ಇದೆ. ಅದು ಎಂಟು-ಹತ್ತು ವರ್ಷದವರಿಗೆ.

ಐದಾರು ವರ್ಷ ಆದವರಿಗೆ ಕೋಟೆ ಇರುವ ಬೆಟ್ಟ ಆರಿಸಿ. ಮಕ್ಕಳಿಗೆ ನೋಟ ಬೇಕಿಲ್ಲ, ನುಗ್ಗಲು ಬಾಗಿಲು, ಇಣುಕಲು ಕಿಂಡಿ ಬೇಕು. ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸಣ್ಣ ಕೋಟೆ, ಬಂಡೆಯಲ್ಲೇ ಮಳೆನೀರು ನಿಲ್ಲುವ ಹೊಂಡಗಳು, ಕೆಳಗೆ ದೊಡ್ಡ ಕೆರೆ. ಆ ಹೊಂಡಗಳ ಹತ್ತಿರ ಮಾತ್ರ ಕೈ ಬಿಡಬೇಡಿ. ಮಲೆನಾಡಿನ ಕಡೆಯವರಿಗೆ ತೀರ್ಥಹಳ್ಳಿ ಹತ್ತಿರದ ಕವಲೇದುರ್ಗ. ಕೆಳದಿ ಅರಸರ ಕಾಲದ ಕೋಟೆ. ಕಲ್ಲು ಹಾಸಿದ ದಾರಿ, ಒಂದರ ಹಿಂದೆ ಒಂದು ಬಾಗಿಲು, ಒಳಗೆ ದೇವಸ್ಥಾನ, ಕೊಳ. ಏರು ಜಾಸ್ತಿ ಇಲ್ಲ. ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಆಗ ಬೇಡ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬೇರೆಯದೇ ಲೆಕ್ಕ. ಬಂಡೆಯಲ್ಲೇ ಕಡಿದ ಆರುನೂರಕ್ಕೂ ಮೀರಿದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ, ಮೇಲೆ 58 ಅಡಿಯ ಗೊಮ್ಮಟ. ಚಪ್ಪಲಿ ಕೆಳಗೇ ಬಿಡಬೇಕು. ಬೆಳಗ್ಗೆ ಏಳಕ್ಕೆ ತಣ್ಣಗಿರುವ ಆ ಬಂಡೆ ಹನ್ನೊಂದಕ್ಕೆ ಕಾದ ಹೆಂಚು. ದೊಡ್ಡವರು ಹೇಗೋ ಓಡಿ ಇಳಿಯುತ್ತಾರೆ, ಮಕ್ಕಳ ಪಾದಕ್ಕೆ ಬೊಬ್ಬೆ ಬರುತ್ತದೆ. ಎಲ್ಲರಿಗೂ ದಪ್ಪ ಕಾಲುಚೀಲ ಇಟ್ಟುಕೊಳ್ಳಿ, ಒಂಬತ್ತೂವರೆಯೊಳಗೆ ಕೆಳಗೆ ಬನ್ನಿ. ಅಜ್ಜ ಅಜ್ಜಿ ಬಂದಿದ್ದರೆ ಡೋಲಿ ಸಿಗುತ್ತದೆ.

ಸಣ್ಣವರಿದ್ದಾಗ ಬೇಡ ಅನ್ನುವ ಬೆಟ್ಟಗಳನ್ನೂ ಹೇಳಿಬಿಡುತ್ತೇನೆ. ಸಾವನದುರ್ಗ, ಮಧುಗಿರಿ: ಕಡಿದಾದ ಬೋಳು ಬಂಡೆ, ಜಾರಿದರೆ ನಿಲ್ಲುವ ಜಾಗ ಇಲ್ಲ. ಕುಮಾರ ಪರ್ವತ: ಗಟ್ಟಿ ಕಾಲಿನ ದೊಡ್ಡವರೇ ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತಾರೆ. ಕುದುರೆಮುಖ: ಹೋಗಿ ಬರಲು ಹೆಚ್ಚುಕಡಿಮೆ 18ರಿಂದ 20 ಕಿ.ಮೀ., ನಡುವೆ ಹಳ್ಳಗಳು. ನಡೆದು ಪಳಗಿದ ಹದಿಮೂರು, ಹದಿನಾಲ್ಕು ವರ್ಷದವರಿಗೆ ಇದು ಸರಿ.

ಅರಣ್ಯ ಇಲಾಖೆಯ ದಾರಿಗಳಿಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಇದು ಇನ್ನೂ ಬಿಗಿಯಾಯಿತು. ಚೆಕ್‌ಪೋಸ್ಟ್‌ನಲ್ಲಿ "ಮಗು ಇದೆ ಸಾರ್, ಬಿಡಿ" ಅಂದರೆ ನಡೆಯುವುದಿಲ್ಲ. ಮುಳ್ಳಯ್ಯನಗಿರಿಗೂ ಹೊರಡುವ ಮುಂಚೆ ವಾಹನದ ನಿಯಮ ಏನಿದೆ ಅಂತ ವಿಚಾರಿಸಿಕೊಳ್ಳಿ.

2. ಯಾವ ತಿಂಗಳು, ಎಷ್ಟು ಗಂಟೆಗೆ

ಬಯಲುಸೀಮೆಯ ಬಂಡೆ ಬೆಟ್ಟಗಳಿಗೆ ನವೆಂಬರ್‌ನಿಂದ ಫೆಬ್ರವರಿ. ಪಶ್ಚಿಮ ಘಟ್ಟಕ್ಕೆ ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್. ಏಪ್ರಿಲ್, ಮೇ ರಜೆಯಲ್ಲಿ ಹೋಗುವ ಆಸೆ ಎಲ್ಲರಿಗೂ. ಆದರೆ ಆಗ ಮಧ್ಯಾಹ್ನದ ಮೇಲೆ ದಿಢೀರ್ ಗುಡುಗು ಮಳೆ ಬರುತ್ತದೆ. ಬೋಳು ಬಂಡೆಯ ತುದಿಯಲ್ಲಿ ಸಿಡಿಲಿಗೆ ಮೊದಲು ಸಿಗುವವರು ನಾವೇ. ಹೋಗಲೇಬೇಕು ಅಂದರೆ ಹತ್ತೂವರೆಯೊಳಗೆ ಕೆಳಗಿರಬೇಕು.

ಹೊತ್ತಿನ ಲೆಕ್ಕ ಹೀಗೆ ಹಾಕಿ. ನಿಮ್ಮಿಬ್ಬರಿಗೇ ಆದರೆ ಎಷ್ಟು ಹೊತ್ತು ಬೇಕು? ಅದನ್ನು ಎರಡರಿಂದ ಗುಣಿಸಿ. ಎರಡು-ಮೂರು ವರ್ಷದ ಮಗು ತಾನೇ ನಡೆಯುತ್ತದೆ ಅಂದರೆ ಮೂರರಿಂದ. ಬಂದ ಉತ್ತರವನ್ನು ಮಗುವಿನ ನಿದ್ದೆಯ ಸಮಯದ ಪಕ್ಕ ಇಟ್ಟು ನೋಡಿ. ಹನ್ನೊಂದಕ್ಕೆ ಮಲಗುವ ಮಗು ಹನ್ನೊಂದಕ್ಕೆ ಮೆಟ್ಟಿಲ ಮೇಲಿದ್ದರೆ ಆ ಮೆಟ್ಟಿಲು ನಿಮಗೆ ಜನ್ಮದಲ್ಲಿ ಮರೆಯುವುದಿಲ್ಲ.

ಘಾಟಿ ರಸ್ತೆಯ ಊರಾದರೆ ಇನ್ನೊಂದು ಮಾತು. ಆಗುಂಬೆಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡ ಮಗುವನ್ನು ತಕ್ಷಣ ನಡೆಸಬೇಡಿ. ಕಾರಿನಿಂದ ಇಳಿಸಿ, ಮುಖ ತೊಳೆಸಿ, ಇಪ್ಪತ್ತು ನಿಮಿಷ ಸುಮ್ನೆ ಆಡಲು ಬಿಡಿ.

3. ಕೂಸನ್ನು ಕಟ್ಟಿಕೊಳ್ಳುವುದು

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಜನ ಎಡವುವುದು ಇಲ್ಲೇ.

ಕತ್ತು ನಿಲ್ಲದ ಕೂಸನ್ನು ಏರುತಗ್ಗಿನ ದಾರಿಗೆ ಒಯ್ಯಬೇಡಿ. ಬೆಟ್ಟದ ಮೇಲೆ ಕಾರಿನಲ್ಲಿ ಹೋಗಿ ಸಮತಟ್ಟಾದ ಜಾಗದಲ್ಲಿ ಎದೆಗೆ ಕಟ್ಟಿಕೊಂಡು ಓಡಾಡಿ, ಸಾಕು. ನಾಲ್ಕೈದು ತಿಂಗಳಿಗೆ ಕತ್ತು ಗಟ್ಟಿಯಾದ ಮೇಲೆ ಬಟ್ಟೆಯ ಕ್ಯಾರಿಯರ್‌ನಲ್ಲಿ ಸಣ್ಣ ಏರು ಹತ್ತಬಹುದು. ಅಲ್ಯುಮಿನಿಯಂ ಕಂಬಿ ಇರುವ ಬೆನ್ನಿನ ಕ್ಯಾರಿಯರ್ ಬೇಕಾದರೆ ಮಗು ಯಾರ ಆಸರೆಯೂ ಇಲ್ಲದೆ ತಾನೇ ಕೂರುವಂತಾಗಿರಬೇಕು. ಅದು ಆರು ತಿಂಗಳ ನಂತರದ ಮಾತು. ಅವಧಿಗೆ ಮುಂಚೆ ಹುಟ್ಟಿದ ಮಗು, ಉಸಿರಾಟದ ಇಲ್ಲವೇ ಹೃದಯದ ತೊಂದರೆ ಇರುವ ಮಗು ಆದರೆ ಮೊದಲು ಮಕ್ಕಳ ಡಾಕ್ಟರ್ ಒಪ್ಪಿಗೆ ಪಡೆಯಿರಿ.

ಎದೆಗೆ ಕಟ್ಟಿಕೊಂಡಾಗ ನೋಡಬೇಕಾದ್ದು ಇಷ್ಟು. ನೀವು ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರ, ಎತ್ತರ ಇರಬೇಕು. ಮಗುವಿನ ಗದ್ದ ಎದೆಗೆ ಒತ್ತಿಕೊಂಡಿರಬಾರದು. ಗದ್ದದ ಕೆಳಗೆ ಎರಡು ಬೆರಳು ಹೋಗಬೇಕು, ಇಲ್ಲವಾದರೆ ಉಸಿರಿಗೆ ತೊಂದರೆ. ಮೂಗು, ಬಾಯಿ ಯಾವಾಗಲೂ ಕಣ್ಣಿಗೆ ಕಾಣಬೇಕು, ಮೇಲೆ ಶಾಲು ಹೊದಿಸಿ ಮುಚ್ಚಬೇಡಿ. ಮಂಡಿ ಪೃಷ್ಠಕ್ಕಿಂತ ಸ್ವಲ್ಪ ಮೇಲಿರಬೇಕು. ಕಾಲು ನೇತಾಡುತ್ತಿದ್ದರೆ ಕಟ್ಟಿದ್ದು ಸರಿ ಇಲ್ಲ.

ಮೆಟ್ಟಿಲಲ್ಲಿ ಒಂದು ಕಷ್ಟ ಇದೆ. ಮಗು ಎದೆಯ ಮೇಲಿದ್ದರೆ ನಿಮ್ಮ ಪಾದ ನಿಮಗೆ ಕಾಣುವುದಿಲ್ಲ. ಹತ್ತುವಾಗ ಹೇಗೋ ನಡೆಯುತ್ತದೆ, ಇಳಿಯುವಾಗ ಅಪಾಯ. ಜೊತೆಗಿರುವವರು ಎರಡು ಮೆಟ್ಟಿಲು ಕೆಳಗೆ ಮುಂದೆ ನಡೆಯಬೇಕು. "ಇಲ್ಲಿ ಒಡೆದಿದೆ", "ಇದು ಎತ್ತರದ್ದು" ಅಂತ ಹೇಳುತ್ತಾ ಹೋಗಬೇಕು. ನಿಮ್ಮ ಒಂದು ಕೈ ಕಂಬಿಯ ಮೇಲೆ. ಫೋನ್ ಚೀಲದಲ್ಲಿ.

ಬೆನ್ನಿನ ಕ್ಯಾರಿಯರ್ ಹಾಕಿಕೊಂಡರೆ ನಿಮ್ಮ ಎತ್ತರ ಒಂದು ಗೇಣು ಜಾಸ್ತಿ ಆಗಿದೆ ಅಂತ ನೆನಪಿರಲಿ. ನೀವು ತಲೆ ಬಗ್ಗಿಸಿ ದಾಟಿದ ಕೊಂಬೆ ಮಗುವಿನ ಮುಖಕ್ಕೆ ಬಡಿಯುತ್ತದೆ. ಕೋಟೆಯ ತಗ್ಗು ಬಾಗಿಲಲ್ಲೂ ಅಷ್ಟೇ. ಅಲ್ಲಿ ಮಗುವನ್ನು ಇಳಿಸಿಯೇ ದಾಟಿ. ಹತ್ತು ಕಿಲೋ ಮಗು, ಮೂರು ಕಿಲೋ ಕ್ಯಾರಿಯರ್, ಮೇಲೆ ನೀರು. ಮೊದಲು ಮನೆಯ ಹತ್ತಿರದ ಪಾರ್ಕಿನಲ್ಲಿ ಒಂದು ಗಂಟೆ ಹೊತ್ತು ನೋಡಿ. ಭುಜ ನೋಯುತ್ತಿದ್ದರೆ ಸೊಂಟದ ಪಟ್ಟಿ ಸಡಿಲ ಇದೆ ಅಂತ ಅರ್ಥ. ಭಾರ ಕೂರಬೇಕಾದ್ದು ಸೊಂಟದ ಮೇಲೆ.

ನೀವು ಬೆವರುತ್ತಿದ್ದೀರಿ ಅಂತ ಮಗುವಿಗೂ ಸೆಕೆ ಅಂದುಕೊಳ್ಳಬೇಡಿ. ಅದು ಅಲುಗಾಡದೆ ಕೂತಿದೆ, ಗಾಳಿಗೆ ಮೈಯೊಡ್ಡಿದೆ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು ಆರು ಡಿಗ್ರಿಯಷ್ಟು ತಂಪು ಏರುತ್ತದೆ. ಮುಳ್ಳಯ್ಯನಗಿರಿಯ ಗಾಳಿ ಗೊತ್ತಲ್ವಾ, ದೊಡ್ಡವರ ಟೋಪಿಯನ್ನೇ ಹಾರಿಸಿಕೊಂಡು ಹೋಗುತ್ತದೆ. ಕೈಕಾಲು ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ, ಅವು ಹೇಗೂ ತಣ್ಣಗಿರುತ್ತವೆ. ಕತ್ತಿನ ಹಿಂದೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಒದ್ದೆಯಾಗಿದ್ದರೆ ಒಂದು ಬಟ್ಟೆ ತೆಗೆಯಿರಿ, ತಣ್ಣಗಿದ್ದರೆ ಒಂದು ಹಾಕಿ.

ಮುಕ್ಕಾಲು ಗಂಟೆಗೊಮ್ಮೆ ಮಗುವನ್ನು ಹೊರಗೆ ತೆಗೆದು ಕೈಕಾಲು ಆಡಿಸಲು ಬಿಡಿ. ಆರು ತಿಂಗಳ ಒಳಗಿನ ಕೂಸಿಗೆ ನೀರು ಬೇಡ, ತಾಯಿ ಹಾಲೇ ಸಾಕು. ಹಾಗಾಗಿ ನೀರು ಜಾಸ್ತಿ ಕುಡಿಯಬೇಕಾದ್ದು ಅಮ್ಮ. ಆ ವಯಸ್ಸಿಗೆ ಸನ್‌ಸ್ಕ್ರೀನ್ ಕೂಡ ಹಚ್ಚಬೇಡಿ. ಅಗಲ ಅಂಚಿನ ಟೋಪಿ, ತೆಳ್ಳನೆ ಹತ್ತಿಯ ಉದ್ದ ತೋಳಿನ ಅಂಗಿ ಇರಲಿ.

4. ನಡೆಯಲು ಕಲಿತವರು: ಒಂದೂವರೆಯಿಂದ ನಾಲ್ಕು ವರ್ಷ

ಕಷ್ಟದ ವಯಸ್ಸು ಇದು. ಎತ್ತಿಕೊಂಡರೆ ಇಳಿಯಬೇಕು, ಇಳಿಸಿದರೆ ಎತ್ತಿಕೊಳ್ಳಬೇಕು. ಎರಡೂವರೆ ವರ್ಷದ ಮಗುವಿಗೆ ಒಂದು ಕಿಲೋಮೀಟರ್ ಅಂದರೆ ಒಂದು ಗಂಟೆ ಹಿಡಿಯಬಹುದು. ಅದರಲ್ಲಿ ಇಪ್ಪತ್ತು ನಿಮಿಷ ಕಟ್ಟಿರುವೆ ಸಾಲಿಗೆ ಹೋಗುತ್ತದೆ. ಕುಕ್ಕರುಗಾಲಲ್ಲಿ ಕೂತು, ಸಾಲಿಗೆ ಅಡ್ಡವಾಗಿ ಕಡ್ಡಿ ಇಟ್ಟು, ಇರುವೆ ಅದನ್ನು ಹತ್ತಿ ದಾಟುವುದನ್ನು ನೋಡಿ, ಕಡ್ಡಿ ತೆಗೆದು ಮತ್ತೆ ಇಟ್ಟು... ಬಿಟ್ಟುಬಿಡಿ. ಅದು ಬಂದಿರುವುದೇ ಇದಕ್ಕೆ. ತುದಿ ಮುಟ್ಟಬೇಕು ಅನ್ನುವ ಹಟ ನಿಮ್ಮದು, ಅದರದ್ದಲ್ಲ.

ಆದರೂ ಮುಂದೆ ಸಾಗಿಸಬೇಕಲ್ಲ? ಎಷ್ಟು ದೂರ ಅಂತ ಹೇಳಬೇಡಿ, ಮುಂದೆ ಕಾಣುವ ಒಂದು ವಸ್ತು ತೋರಿಸಿ. "ಆ ಮಂಟಪದ ಹತ್ತಿರ ಚಕ್ಕುಲಿ ತಿನ್ನೋಣ." ಮೆಟ್ಟಿಲು ಎಣಿಸಿ, ಹತ್ತಾದ ಮೇಲೆ ಮತ್ತೆ ಒಂದರಿಂದ. ಅರಿಶಿನ ಕುಂಕುಮ ಹಚ್ಚಿದ ಮೆಟ್ಟಿಲು ಹುಡುಕಲು ಹೇಳಿ. ಚಾಮುಂಡಿ ಬೆಟ್ಟದಲ್ಲಿ ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಹಚ್ಚುತ್ತಾ ಹೋಗುತ್ತಾರೆ, ಮಕ್ಕಳಿಗೆ ಅದನ್ನು ನೋಡುವುದೇ ಒಂದು ಆಟ.

ನಡೆಯುತ್ತೆ ಅಂತ ಕ್ಯಾರಿಯರ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಕೂಸುಮರಿ ಹೊತ್ತರೆ ಐದು ನಿಮಿಷ ಚೆನ್ನ. ಆಮೇಲೆ ನಿಮ್ಮ ಕತ್ತು ಬಿದ್ದುಹೋಗುತ್ತದೆ. ಇಳಿಜಾರಿನಲ್ಲಿ ಹೆಗಲ ಮೇಲೆ ಕೂರಿಸಿಕೊಳ್ಳಲೇಬೇಡಿ. ನೀವು ಮುಗ್ಗರಿಸಿದರೆ ಮಗು ಬೀಳುವುದು ಆರಡಿ ಎತ್ತರದಿಂದ.

5. ದೊಡ್ಡ ಮಕ್ಕಳು

ಐದರಿಂದ ಒಂಬತ್ತು ವರ್ಷದವರು ನಾಲ್ಕೈದು ಕಿಲೋಮೀಟರ್ ಆರಾಮವಾಗಿ ನಡೆಯುತ್ತಾರೆ. ಕೋಪ ಬರುವುದು ಸುಸ್ತಿಗಲ್ಲ, ಬೇಜಾರಿಗೆ. ಅದೇ ವಯಸ್ಸಿನ ಇನ್ನೊಂದು ಮಗುವನ್ನು ಕರೆದುಕೊಂಡು ಹೋಗಿ, ಅರ್ಧ ಗೆದ್ದಂತೆ. ಶಿವಗಂಗೆಯಂಥ ಬೆಟ್ಟಕ್ಕೆ ಹೋದರೆ ದಾರಿಯಲ್ಲೇ ಕಥೆ ಶುರು ಮಾಡಿ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹಾವು ಕಾಣುತ್ತೆ ಅಂತಾರೆ. ಕಾಣ್ತಿದೆಯಾ ಇಲ್ವಾ ಅಂತ ಅವರೇ ಜಗಳ ಆಡುತ್ತಾ ಬುಡ ತಲುಪಿರುತ್ತಾರೆ. ಮೇಲಿನ ಭಾಗ ಕಡಿದು, ಕಂಬಿ ಹಿಡಿದೇ ಹತ್ತಬೇಕು. ಎಂಟು ವರ್ಷದ ಕೆಳಗಿನವರಿದ್ದರೆ ಒಳಕಲ್ಲು ತೀರ್ಥದ ತನಕ ಹೋಗಿ ವಾಪಸ್ ಬನ್ನಿ.

ಒಂದೊಂದು ಸೀಟಿ ಎಲ್ಲರ ಕೊರಳಿಗೂ ಹಾಕಿ. ಮೂರು ಸಲ ಊದಿದರೆ "ಬೇಗ ಬನ್ನಿ" ಅಂತ ಅರ್ಥ. ಸುಮ್ನೆ ಊದಿದರೆ ಸೀಟಿ ವಾಪಸ್. ದಾರಿ ತಪ್ಪಿದರೆ ಹುಡುಕಿಕೊಂಡು ಓಡಬಾರದು, ನಿಂತಲ್ಲೇ ಒಂದು ಮರದ ಹತ್ತಿರ ನಿಲ್ಲಬೇಕು. ಇದನ್ನು ಮನೆಯಲ್ಲೇ ಹೇಳಿಕೊಡಿ. ಜನಜಂಗುಳಿಯ ಬೆಟ್ಟಕ್ಕಾದರೆ ನಿಮ್ಮ ಫೋನ್ ನಂಬರ್ ತೋಳಿನ ಮೇಲೆ ಪೆನ್ನಿನಲ್ಲಿ ಬರೆಯಿರಿ.

ಹತ್ತು ದಾಟಿದವರಿಗೆ ಕೆಲಸ ಕೊಡಿ. ಬೆಟ್ಟ ಆರಿಸುವುದು, ಮ್ಯಾಪ್ ಡೌನ್‌ಲೋಡ್ ಮಾಡುವುದು, ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ಅವರ ಜವಾಬ್ದಾರಿ. ಅವರ ಚೀಲ ಅವರೇ ಹೊರಲಿ. ಮೂವತ್ತು ಕಿಲೋ ತೂಗುವ ಹುಡುಗಿಯ ಬೆನ್ನಿಗೆ ಮೂರು ಕಿಲೋಗಿಂತ ಜಾಸ್ತಿ ಬೇಡ. ಈ ವಯಸ್ಸಿನವರದು ಒಂದೇ ಭಯ: ಅಂಚಿನಲ್ಲಿ ನಿಂತು ಫೋಟೋ. ತುದಿಯಿಂದ ಎರಡು ಆಳಿನಷ್ಟು ದೂರ ಕೂತು ಫೋಟೋ ತೆಗೆಯಬಹುದು, ನಿಂತು ಬೇಡ. ಈ ನಿಯಮ ಅಪ್ಪನಿಗೂ ಅನ್ವಯಿಸಬೇಕು, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ.

6. ಚೀಲದಲ್ಲಿ ಏನು

ದೊಡ್ಡವರಿಗೆ ತಲಾ ಎರಡು ಲೀಟರ್ ನೀರು, ಮಕ್ಕಳಿಗೆ ಒಂದು. ಎರಡು ಓಆರ್‌ಎಸ್ ಪೊಟ್ಟಣ. ಒಂದನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕೆ ಸ್ವಲ್ಪ ಉದುರಿಸುವುದಲ್ಲ. ತಿನ್ನಲು ಚಪಾತಿಗೆ ತುಪ್ಪ ಬೆಲ್ಲ ಸವರಿದ ಸುರುಳಿ, ಕಡಲೆ ಚಿಕ್ಕಿ, ಸೌತೆಕಾಯಿ. ಕೂಸಿಗೆ ಫ್ಲಾಸ್ಕಿನಲ್ಲಿ ರಾಗಿ ಸರಿ. ಬ್ಯಾಂಡೇಜ್, ಮಗುವಿನ ತೂಕಕ್ಕೆ ಡಾಕ್ಟರ್ ಹೇಳಿದ ಜ್ವರದ ಔಷಧಿ, ಒಂದು ಜೊತೆ ಒಣ ಬಟ್ಟೆ, ಟಾರ್ಚು. ಬಳಸಿದ ಡೈಪರ್ ಕಟ್ಟಿ ಮನೆಗೆ ತರಲು ಗಟ್ಟಿ ಕವರ್. ಬೆಟ್ಟದ ಪೊದೆಯಲ್ಲಿ ಡೈಪರ್ ಎಸೆಯುವವರಿಗೆ ಏನು ಹೇಳಬೇಕೋ ನನಗಂತೂ ಸಭ್ಯ ಮಾತು ಸಿಗುತ್ತಿಲ್ಲ.

ಕಾಲಿಗೆ ಅಡಿಯಲ್ಲಿ ಗೀರು ಇರುವ ಸ್ಪೋರ್ಟ್ಸ್ ಶೂ ಸಾಕು. ಹೊಸ ಶೂ ಅಂದೇ ಹಾಕಬೇಡಿ.

7. ಕೋತಿ, ಹೆಜ್ಜೇನು, ಇಂಬಳ

ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಬರ ಸದ್ದೇ ಕರೆಯೋಲೆ. ತಿಂಡಿ ಡಬ್ಬಿಯಲ್ಲಿಟ್ಟು ಚೀಲದೊಳಗೆ ಹಾಕಿ, ಬಾಳೆಹಣ್ಣು ಕೈಯಲ್ಲಿ ಕೊಡಬೇಡಿ. ಕಿತ್ತುಕೊಳ್ಳಲು ಬಂದರೆ ಬಿಟ್ಟುಬಿಡಲು ಮಗುವಿಗೆ ಹೇಳಿಕೊಟ್ಟಿರಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ನೀರು ಬಿಟ್ಟು ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ಹಾಕಿಸಬೇಕಾಗುತ್ತದೆ.

ಬಂಡೆಗಳ ಮೇಲೆ ಕಪ್ಪಗೆ ನೇತಾಡುವ ಹೆಜ್ಜೇನು ಕಂಡರೆ ಅದರ ಕೆಳಗೆ ಊಟಕ್ಕೆ ಕೂರಬೇಡಿ. ಸೆಂಟು, ಹೊಗೆ, ಕೂಗಾಟ, ಕಲ್ಲು ಎಸೆತ ಯಾವುದೂ ಬೇಡ. ಎದ್ದರೆ ಕೈ ಬೀಸುತ್ತಾ ನಿಲ್ಲದೆ, ಮಗುವಿನ ಮುಖ ಬಟ್ಟೆಯಿಂದ ಮುಚ್ಚಿಕೊಂಡು, ನೆಲ ನೋಡಿಕೊಂಡು ದೂರ ಹೋಗಿ.

ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಏನೂ ಮಾಡದೆ, ಮಗುವನ್ನು ನಡೆಸದೆ, 108ಕ್ಕೆ ಫೋನ್ ಮಾಡಿ.

ಇಂಬಳ ನೋಡಲು ಅಸಹ್ಯ, ಅಷ್ಟೇ. ಕಾಲುಚೀಲದೊಳಗೆ ಪ್ಯಾಂಟ್ ತುರುಕಿ. ಹತ್ತಿದ್ದರೆ ಉಗುರಿನಿಂದ ಬಾಯಿಯ ಕಡೆ ಜರುಗಿಸಿ ತೆಗೆಯಿರಿ. ರಕ್ತ ಸ್ವಲ್ಪ ಹೊತ್ತು ಸುರಿಯುತ್ತದೆ, ಗಾಬರಿ ಬೇಡ. ನೀವು ಕಿರುಚದಿದ್ದರೆ ಮಗುವೂ ಕಿರುಚುವುದಿಲ್ಲ.

8. ಇಳಿಯುವಾಗ

ಹೊರಡುವ ಮೊದಲೇ ವಾಪಸ್ ತಿರುಗುವ ಸಮಯ ಗೊತ್ತು ಮಾಡಿಕೊಳ್ಳಿ. ಆ ಗಂಟೆ ಹೊಡೆದಾಗ ತುದಿ ಐವತ್ತು ಮೆಟ್ಟಿಲು ದೂರ ಇದ್ದರೂ ತಿರುಗಿ. ಮೋಡ ಕಟ್ಟಿದರೆ, ಮಗು ಉಚ್ಚೆ ಮಾಡದೆ ಬಹಳ ಹೊತ್ತಾಗಿದ್ದರೆ, ಮಾತು ನಿಲ್ಲಿಸಿ ಮಂಕಾಗಿದ್ದರೆ ಗಡಿಯಾರ ನೋಡುವ ಅಗತ್ಯವೂ ಇಲ್ಲ.

ದೊಡ್ಡವರು ಮಗುವಿಗಿಂತ ಒಂದು ಮೆಟ್ಟಿಲು ಕೆಳಗೆ ಇರಬೇಕು. ಕಿರುದಾರಿಯಲ್ಲಿ ಕಣಿವೆಯ ಬದಿಗೆ ನೀವು, ಗುಡ್ಡದ ಬದಿಗೆ ಮಗು. ಕಡಿದಾದ ಬಂಡೆಯಲ್ಲಿ ಕೂತು ಜರುಗುತ್ತಾ ಇಳಿಯಲು ಹೇಳಿಕೊಡಿ. ಚಡ್ಡಿ ಹರಿದರೆ ಹರಿಯಲಿ. ಓಟದ ಸ್ಪರ್ಧೆ ಮಾತ್ರ ಬೇಡ, ಮಕ್ಕಳು ಬೀಳುವುದು ಜಾಸ್ತಿ ಆಗಲೇ.

9. ಮನೆಗೆ ಬಂದ ಮೇಲೆ

ಮಲೆನಾಡಿನ ಕಾಡಿನ ದಾರಿಯಲ್ಲಿ ನಡೆದು ಬಂದಿದ್ದರೆ ಅಂದೇ ಬಿಸಿನೀರಿನ ಸ್ನಾನ, ಬಟ್ಟೆಯೆಲ್ಲ ನೆನೆಸಿ ಒಗೆಯಿರಿ. ಸ್ನಾನದ ಹೊತ್ತಿಗೆ ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡದಲ್ಲಿ ಉಣುಗು (ಚರ್ಮಕ್ಕೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳ) ಇದೆಯಾ ನೋಡಿ. ಇಂಬಳದಿಂದ ಬರೀ ತುರಿಕೆ, ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದ. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಇದರ ಕಾಟ ಜಾಸ್ತಿ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಆ ತಿಂಗಳುಗಳಲ್ಲಿ ಮಕ್ಕಳನ್ನು ಕರೆದೊಯ್ಯಲೇಬೇಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಲ್ಲಿ ಕುಕ್ಕಬೇಡಿ.

ಕಾಯಿಲೆ ಕಾಣಿಸಿಕೊಳ್ಳುವುದು ಕಚ್ಚಿದ ಮೂರರಿಂದ ಎಂಟು ದಿನದೊಳಗೆ. ಅದಕ್ಕೇ ಮುಂದಿನ ಹತ್ತು ದಿನ ಮಕ್ಕಳ ಮೇಲೆ ಒಂದು ಕಣ್ಣಿಡಿ. ತಲೆನೋವು, ಮೈಕೈ ನೋವಿನ ಜೊತೆ ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ದಿನ ತಳ್ಳಬೇಡಿ. ಡಾಕ್ಟರ್ ಹತ್ತಿರ ಹೋದಾಗ ಯಾವ ಕಾಡಿಗೆ, ಯಾವತ್ತು ಹೋಗಿದ್ದಿರಿ ಅನ್ನುವುದನ್ನು ಅವರು ಕೇಳುವ ಮುಂಚೆ ನೀವೇ ಹೇಳಿ.